ಕೂಗುವ ಅಲಾರಂ, ಕೂಗದ ಅಲಾರಂ: ಅಂಗಡಿ-ಮನೆಗಳಲ್ಲಿ ಹೊಗೆ ಮತ್ತು ವಿಷಾನಿಲದ ಎಚ್ಚರಿಕೆ ವ್ಯವಸ್ಥೆಯ ದೋಷಗಳೂ ಪರಿಹಾರಗಳೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಹಳೆಯ ಪೇಟೆಗಳಲ್ಲಿ ವ್ಯಾಪಾರವೂ ವಾಸವೂ ಒಂದೇ ಸೂರಿನಡಿ ನಡೆಯುವುದು ಸಾಮಾನ್ಯ. ಕೆಳಗೆ ಅಂಗಡಿ, ಅದರ ಬೆನ್ನಿಗೆ ಗೋದಾಮು, ಮೇಲಂತಸ್ತಿನಲ್ಲಿ ಸಂಸಾರ. ನಿಪ್ಪಾಣಿಯಲ್ಲಿ ತಂಬಾಕಿನ ಮೂಟೆಗಳು, ಮಾಣಕಾಪುರದ ಕಡೆ ವಿದ್ಯುತ್ ಮಗ್ಗಗಳು, ಅಥಣಿಯಲ್ಲಿ ಚರ್ಮದ ಪಾದರಕ್ಷೆಯ ಕೆಲಸ, ರಾಯಬಾಗ ಮತ್ತು ಕಾಗವಾಡದ ಕಡೆ ಕಬ್ಬು-ಬೆಲ್ಲದ ವಹಿವಾಟು. ಸರಕು ಯಾವುದೇ ಇರಲಿ, ಅದಕ್ಕೆ ಬೆಂಕಿ ತಗುಲಿದರೆ ಮೊದಲ ಹೊಗೆ ಏರುವುದು ಮಾಳಿಗೆಯ ಮೆಟ್ಟಿಲುಗಳ ಮೂಲಕವೇ. ಮೇಲೆ ಮಲಗಿದವರಿಗೆ ಹೊರಬರಲು ಇರುವ ದಾರಿಯೂ ಬಹುತೇಕ ಅದೊಂದೇ.

ಈ ಕಾರಣದಿಂದಲೇ ಇತ್ತೀಚಿನ ವರ್ಷಗಳಲ್ಲಿ ನಮ್ಮ ವರ್ತಕ ಬಂಧುಗಳು ಹೊಸ ಮನೆ ಕಟ್ಟಿಸುವಾಗ ಹೊಗೆ ಅಲಾರಂ ಹಾಗೂ ಕಾರ್ಬನ್ ಮೊನಾಕ್ಸೈಡ್ ಅಲಾರಂಗಳನ್ನು ಅಳವಡಿಸಿಕೊಳ್ಳಲು ಮುಂದಾಗುತ್ತಿರುವುದು ಸ್ವಾಗತಾರ್ಹ. ಸ್ಕಾಟ್ಲೆಂಡಿನಲ್ಲಿ 2022ರ ಫೆಬ್ರುವರಿಯಿಂದ ಪ್ರತಿಯೊಂದು ಮನೆಯಲ್ಲಿಯೂ ಪರಸ್ಪರ ಜೋಡಿಸಿದ ಅಲಾರಂಗಳು ಇರಬೇಕೆಂಬ ನಿಯಮ ಜಾರಿಯಾಗಿದೆ. ನಮ್ಮಲ್ಲಿ ಸಣ್ಣ ಸ್ವಂತ ಮನೆಗಳಿಗೆ ಅಂತಹ ಕಡ್ಡಾಯವಿಲ್ಲ. ಆದುದರಿಂದ ಇವುಗಳನ್ನು ಹಾಕಿಸುವವರು ಸ್ವಂತ ವಿವೇಚನೆಯಿಂದ ಹಾಕಿಸುತ್ತಾರೆ, ತೊಂದರೆ ಕೊಟ್ಟೊಡನೆ ಸ್ವಂತ ವಿವೇಚನೆಯಿಂದಲೇ ಕಿತ್ತೂ ಹಾಕಿಸುತ್ತಾರೆ. ನಡುರಾತ್ರಿ ಕಾರಣವಿಲ್ಲದೆ ಎರಡು ಬಾರಿ ಕೂಗಿದ ಅಲಾರಂ ಮೂರನೆಯ ದಿನ ಛಾವಣಿಯ ಮೇಲೆ ಉಳಿಯುವುದು ಅಪರೂಪ. ದೋಷವನ್ನು ಹುಡುಕುವ ವಿಧಾನ ತಿಳಿಯದಿರುವುದೇ ಇದಕ್ಕೆ ಕಾರಣವಾಗಿರುವುದರಿಂದ ಆ ವಿಧಾನವನ್ನು ಇಲ್ಲಿ ತುಸು ವಿಸ್ತಾರವಾಗಿ ವಿವರಿಸಲಾಗಿದೆ.

ಅಪಾಯ ಎಷ್ಟು ಹತ್ತಿರದಲ್ಲಿದೆ?

2025ರ ನವೆಂಬರ್ ತಿಂಗಳಲ್ಲಿ ಬೆಳಗಾವಿಯ ಅಮನ ನಗರದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲು ಹೊತ್ತಿಸಿಟ್ಟುಕೊಂಡು ಮಲಗಿದ್ದ ಮೂವರು ಯುವಕರು ಬೆಳಗಾಗುವಷ್ಟರಲ್ಲಿ ಪ್ರಾಣ ಕಳೆದುಕೊಂಡರು. ಅದಕ್ಕೆ ಒಂದು ತಿಂಗಳ ಹಿಂದೆ, ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನದ ಕೋಣೆಯ ಗ್ಯಾಸ್ ಗೀಸರ್‌ನಿಂದ ಹೊಮ್ಮಿದ ಅನಿಲಕ್ಕೆ ಇಬ್ಬರು ಸಹೋದರಿಯರು ಬಲಿಯಾದರು. 2024ರ ಆಗಸ್ಟ್ ತಿಂಗಳಲ್ಲಿ ಬೆಳಗಾವಿ ಸಮೀಪದ ನಾವಗೆ ಗ್ರಾಮದ ಟೇಪ್ ತಯಾರಿಕಾ ಕಾರ್ಖಾನೆಯಲ್ಲಿ ಸಂಭವಿಸಿದ ಅಗ್ನಿ ಅನಾಹುತದಲ್ಲಿ ಕಾರ್ಮಿಕನೊಬ್ಬ ಮೃತಪಟ್ಟದ್ದು ವಾಚಕರ ನೆನಪಿನಲ್ಲಿರಬಹುದು. ಮೊದಲೆರಡು ಘಟನೆಗಳಲ್ಲಿ ಬೆಂಕಿಯ ಅನಾಹುತವೇ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಇಂಧನವು ಸಾಕಷ್ಟು ಗಾಳಿಯಿಲ್ಲದೆ ಅರೆಬರೆ ಉರಿದಾಗ ಇದು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ ದೇಹಕ್ಕೆ ಉಸಿರಾಟ ನಡೆಯುತ್ತಿದ್ದರೂ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ವಾಕರಿಕೆ, ಮಂಪರು ಇದರ ಲಕ್ಷಣಗಳು. ಮನೆಯ ಎಲ್ಲರಿಗೂ ಒಮ್ಮೆಲೇ ತಲೆನೋವು ಬಂದು, ಹೊರಗೆ ಹೋದೊಡನೆ ಇಳಿದರೆ ಸಂಶಯಿಸಲೇಬೇಕು. ಕೋವಿಡ್ ಕಾಲದಲ್ಲಿ ಮನೆ ಮನೆಗೆ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಈ ವಿಷಯದಲ್ಲಿ ಮೋಸ ಮಾಡುತ್ತದೆ. ಅದು ಆಮ್ಲಜನಕ ಹೊತ್ತ ರಕ್ತವನ್ನೂ ಈ ವಿಷಾನಿಲ ಹೊತ್ತ ರಕ್ತವನ್ನೂ ಬೇರ್ಪಡಿಸಲಾರದು. ರೋಗಿ ಅಪಾಯದಲ್ಲಿದ್ದರೂ ಅದರ ಮೇಲೆ 98 ಎಂದೇ ಕಾಣಬಹುದು. ಅದನ್ನು ನಂಬಿ ಆಸ್ಪತ್ರೆಗೆ ಹೋಗದೆ ಉಳಿಯಬಾರದು.

ನಮ್ಮ ಭಾಗದ ಮನೆಗಳಲ್ಲಿ ಈ ಅನಿಲದ ಮೂಲಗಳಿಗೆ ಕೊರತೆಯಿಲ್ಲ. ಕಿಟಕಿಯಿಲ್ಲದ ಸ್ನಾನದ ಮನೆಯೊಳಗಿನ ಗ್ಯಾಸ್ ಗೀಸರ್, ನೀರು ಕಾಯಿಸುವ ತಾಮ್ರದ ಬಂಬ, ವಿದ್ಯುತ್ ಹೋದಾಗ ಅಂಗಡಿಯ ಹಿಂದಿನ ಓಣಿಯಲ್ಲಿ ಓಡುವ ಜನರೇಟರ್, ಚಳಿಗಾಲದ ಶೇಗಡಿ. ಇವೆಲ್ಲಕ್ಕಿಂತ ಹೆಚ್ಚು ಕಾಳಜಿ ಹುಟ್ಟಿಸುವುದು ಬಾಣಂತಿಯ ಕೋಣೆ. ಗಾಳಿ ತಗುಲಬಾರದೆಂದು ಕಿಟಕಿ-ಬಾಗಿಲು ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು ತಾಯಿ-ಮಗುವಿಗೆ ಕಾವು ಕೊಡುವ ಪದ್ಧತಿ ಅನೇಕ ಮನೆತನಗಳಲ್ಲಿ ಇನ್ನೂ ಇದೆ. ಪದ್ಧತಿಯನ್ನು ಬಿಡಿಸುವುದು ಈ ಲೇಖನದ ವ್ಯಾಪ್ತಿಗೆ ಮೀರಿದ್ದು. ಆದರೆ ಒಂದೇ ಒಂದು ಅಲಾರಂ ಕೊಳ್ಳುವ ಶಕ್ತಿಯಿದ್ದರೆ ಅದನ್ನು ಮೊದಲು ಆ ಕೋಣೆಯಲ್ಲಿ ಹಾಕಬೇಕೆಂದು ನಾನು ಹೇಳುತ್ತೇನೆ.

ಯಾವುದು ಯಾವುದಕ್ಕೆ?

ಪೇಟೆಯಲ್ಲಿ ಮೂರು ಭಿನ್ನ ಉಪಕರಣಗಳು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ಹೊಗೆ ಅಲಾರಂ ಛಾವಣಿಗೆ ಸೇರಿದ್ದು. ಅಡುಗೆ ಅನಿಲ ಗಾಳಿಗಿಂತ ಭಾರವಾದುದರಿಂದ ಅದರ ಸೋರಿಕೆ ಪತ್ತೆ ಹಚ್ಚುವ ಉಪಕರಣವನ್ನು ನೆಲದಿಂದ ಸುಮಾರು ಒಂದು ಅಡಿ ಎತ್ತರದಲ್ಲಿ ಹಾಕಬೇಕು. ಕಾರ್ಬನ್ ಮೊನಾಕ್ಸೈಡ್ ಗಾಳಿಯಷ್ಟೇ ತೂಕದ್ದು, ಕೋಣೆಯ ಗಾಳಿಯೊಡನೆ ಪೂರ್ತಿ ಬೆರೆಯುತ್ತದೆ. ಅದರ ಅಲಾರಂ ಮಲಗಿದವರ ಅಥವಾ ಕುಳಿತವರ ಉಸಿರಿನ ಮಟ್ಟದಲ್ಲಿ, ಇಲ್ಲವೇ ತಯಾರಕರು ಹೇಳಿದ ಎತ್ತರದಲ್ಲಿ ಇರಬೇಕು. ಗೀಸರ್ ಇರುವ ಸ್ನಾನದ ಮನೆಯ ಒಳಗೆ ಹಬೆಯಿಂದ ಅದು ಕೆಡುವುದರಿಂದ ಬಾಗಿಲಿನ ಹೊರಗೆ ಹಾಕುವುದು ಉಚಿತ. ಅಡುಗೆ ಅನಿಲದ ಉಪಕರಣ ಕೊಂಡು ತಂದು ವಿಷಾನಿಲದಿಂದ ರಕ್ಷಣೆ ದೊರೆಯಿತೆಂದು ಭಾವಿಸುವವರು ಬಹಳ. ಪೆಟ್ಟಿಗೆಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಅನಿಲ ಸೋಕಿದೊಡನೆ ಕೂಗುವುದಿಲ್ಲ. ಯುರೋಪಿನ ಮಾನಕದಂತೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 50 ಭಾಗ ಅನಿಲವಿದ್ದರೆ 60ರಿಂದ 90 ನಿಮಿಷಗಳಲ್ಲಿ, 100 ಭಾಗವಿದ್ದರೆ 10ರಿಂದ 40 ನಿಮಿಷಗಳಲ್ಲಿ, 300 ಭಾಗವಿದ್ದರೆ 3 ನಿಮಿಷದೊಳಗೆ ಅದು ಕೂಗಬೇಕು. ಅಮೆರಿಕದ ಮಾನಕದಲ್ಲಿ 70 ಭಾಗಕ್ಕೆ ಒಂದರಿಂದ ನಾಲ್ಕು ಗಂಟೆ, 400 ಭಾಗಕ್ಕೆ 4ರಿಂದ 15 ನಿಮಿಷ. ಆದ್ದರಿಂದ ಶೇಗಡಿಯ ಮೇಲೆ ಹಿಡಿದು ತಕ್ಷಣ ಕೂಗಲಿಲ್ಲವೆಂದು ಅಲಾರಂ ಕೆಟ್ಟಿದೆ ಎನ್ನುವುದು ತಪ್ಪು.

ಜೋಡಣೆಯ ಕ್ರಮ

ಪರಸ್ಪರ ಜೋಡಿಸಿದ ವ್ಯವಸ್ಥೆಯ ಹೆಚ್ಚುಗಾರಿಕೆಯೆಂದರೆ, ಗೋದಾಮಿನಲ್ಲಿ ಒಂದು ಅಲಾರಂ ಹೊಗೆ ಕಂಡರೆ ಮಾಳಿಗೆಯ ಮಲಗುವ ಕೋಣೆಯ ಅಲಾರಂ ಕೂಡ ಕೂಗುತ್ತದೆ. ತಂತಿಯಿಂದ ಜೋಡಿಸಿದ ವ್ಯವಸ್ಥೆಯಲ್ಲಿ ಪ್ರತಿ ಅಲಾರಂಗೆ ಫೇಸ್ ಮತ್ತು ನ್ಯೂಟ್ರಲ್ ಅಲ್ಲದೆ ಸಂಜ್ಞೆಯ ಒಂದು ತಂತಿ ಹೋಗುತ್ತದೆ. ಕೂಗುವ ಅಲಾರಂ ಈ ತಂತಿಯ ಮೇಲೆ, ನ್ಯೂಟ್ರಲ್‌ಗೆ ಹೋಲಿಸಿದಂತೆ ಕೆಲವೇ ವೋಲ್ಟ್‌ಗಳ ಸಂಜ್ಞೆ ಕಳುಹಿಸುತ್ತದೆ. ಉಳಿದವು ಅದನ್ನು ಕಂಡು ತಾವೂ ಕೂಗುತ್ತವೆ. ವಿದ್ಯುತ್ ಇಲ್ಲದಾಗ ಒಳಗಿನ ಬ್ಯಾಟರಿ ಕೆಲಸ ಮಾಡುತ್ತದೆ. ಮುಂದೆ ಹೇಳುವ ದೋಷಗಳಲ್ಲಿ ಬಹುಪಾಲು ಈ ಮೂರನೆಯ ತಂತಿಗೂ ನ್ಯೂಟ್ರಲ್‌ಗೂ ಸಂಬಂಧಿಸಿದವು.

ಒಂದೇ ತಯಾರಕರ, ಪರಸ್ಪರ ಹೊಂದುವವೆಂದು ಅವರೇ ಹೇಳಿದ ಮಾದರಿಗಳನ್ನಷ್ಟೇ ಒಂದು ಜಾಲದಲ್ಲಿ ಹಾಕಬೇಕು. ಬೇರೆ ಬೇರೆ ತಯಾರಿಕೆಗಳ ಸಂಜ್ಞೆ ಒಂದೇ ಬಗೆಯದಲ್ಲ. ಇನ್ನು ಅಮೆರಿಕದಲ್ಲಿರುವ ಮಕ್ಕಳು ಕಳುಹಿಸಿದ ಅಲಾರಂಗಳು 120 ವೋಲ್ಟ್‌ನವು. ಅವನ್ನು ನಮ್ಮ 230 ವೋಲ್ಟ್ ಸರಬರಾಜಿಗೆ ಜೋಡಿಸಿದರೆ ಸುಡುತ್ತವೆ, ಬೆಂಕಿ ತಡೆಯಲು ತಂದದ್ದೇ ಬೆಂಕಿಗೆ ಕಾರಣವಾದೀತು.

ಎಲ್ಲವೂ ಕೂಗಿದಾಗ

ಮೊದಲು ಅದು ನಿಜವೆಂದೇ ತಿಳಿಯಬೇಕು. ಮಕ್ಕಳು-ವೃದ್ಧರನ್ನು ಹೊರಗೆ ಕರೆತಂದು, ಆಮೇಲೆ ಕಾರಣ ಹುಡುಕಬೇಕು. ಕೂಗಿನ ಲಯವನ್ನು ಗಮನಿಸುವುದು ಒಳಿತು. ಅಮೆರಿಕದ ಕ್ರಮದಲ್ಲಿ ಮೂರು ಕೂಗು ಮತ್ತು ವಿರಾಮ ಹೊಗೆಯ ಸೂಚನೆ, ನಾಲ್ಕು ಕೂಗು ಮತ್ತು ವಿರಾಮ ಕಾರ್ಬನ್ ಮೊನಾಕ್ಸೈಡ್‌ನ ಸೂಚನೆ. ಯುರೋಪಿನ ತಯಾರಿಕೆಗಳಲ್ಲಿ ಲಯ ಬೇರೆ ಇರಬಹುದಾದುದರಿಂದ ಕೈಪಿಡಿಯ ಆ ಪುಟವನ್ನು ಮುಖ್ಯ ಸ್ವಿಚ್ ಬೋರ್ಡಿನ ಬಾಗಿಲೊಳಗೆ ಅಂಟಿಸಿಡಬಹುದು. ವಿಷಾನಿಲದ ಕೂಗಾದರೆ ಒಳಗೆ ನಿಂತು ಯೋಚಿಸುವಂತಿಲ್ಲ. ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು. ಅಡುಗೆ ಅನಿಲದ ವಾಸನೆಯಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ತಿಳಿಸಬೇಕು.

ಅಪಾಯವಿಲ್ಲವೆಂದು ಖಚಿತವಾದ ಮೇಲೆ, ಮೊದಲು ಕೂಗಿದ್ದು ಯಾವುದೆಂದು ಕಂಡುಹಿಡಿಯಬೇಕು. ಅನೇಕ ಮಾದರಿಗಳಲ್ಲಿ ಮೂಲ ಅಲಾರಂನ ಕೆಂಪು ದೀಪ ವೇಗವಾಗಿ ಮಿನುಗುತ್ತದೆ, ಅನುಕರಿಸಿ ಕೂಗುವವುಗಳಲ್ಲಿ ಹಾಗೆ ಮಿನುಗುವುದಿಲ್ಲ. ಕೆಲವು ತಯಾರಿಕೆಗಳಲ್ಲಿ ಬೇರಾವುದಾದರೂ ಒಂದರ ಗುಂಡಿ ಒತ್ತಿದರೆ ಮೂಲವೊಂದನ್ನು ಬಿಟ್ಟು ಉಳಿದೆಲ್ಲ ಸುಮ್ಮನಾಗುತ್ತವೆ. ಎಲ್ಲ ಅಲಾರಂಗಳ ಗುಂಡಿಯನ್ನು ಒಂದೊಂದಾಗಿ ಒತ್ತುತ್ತ ಮನೆಯೆಲ್ಲ ಸುತ್ತುವುದರಿಂದ ಆ ಗುರುತು ಅಳಿಸಿಹೋಗುತ್ತದೆ. ದೀಪ ನೋಡಿ, ಬಳಿಕ ಗುಂಡಿ ಒತ್ತಿ.

ಮೂಲ ಸಿಕ್ಕಿದರೆ ಕಾರಣ ಸಾಮಾನ್ಯವಾಗಿ ಸರಳ. ಧೂಳು, ಜೇಡ, ಸಣ್ಣ ಹುಳು, ಸ್ನಾನದ ಮನೆಯ ಹಬೆ, ಒಗ್ಗರಣೆಯ ಹೊಗೆ, ಧೂಪ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳಲ್ಲಿ ತೊಲೆಗಳ ಸಂದಿಯಿಂದ ಉದುರುವ ಮಣ್ಣು ಒಂದೇ ವರ್ಷದಲ್ಲಿ ಹೊಗೆ ಕೋಶವನ್ನು ತುಂಬಬಲ್ಲದು. ಅಂತಹ ಕಡೆ ಅಲಾರಂನ ಮೇಲ್ಬದಿಗೆ ಒಂದು ಹಲಗೆ ಕೊಟ್ಟು ಅದಕ್ಕೆ ಕೂರಿಸುವುದು ಉತ್ತಮ. ವ್ಯಾಕ್ಯೂಮ್ ಕ್ಲೀನರ್‌ನ ಮೃದು ಕುಂಚದಿಂದ ಹೊರಗಿನ ಸಂದಿಗಳನ್ನು ಶುಚಿಗೊಳಿಸಬೇಕು. ನೀರು, ಸೀಮೆಎಣ್ಣೆ, ಹುಳುಗಳಿಗೆ ಹೊಡೆಯುವ ಸ್ಪ್ರೇ ಬಳಸಬಾರದು. ದಸರೆ-ದೀಪಾವಳಿಗೆ ಸುಣ್ಣ ಬಣ್ಣ ಮಾಡಿಸುವಾಗ ಪ್ಲಾಸ್ಟಿಕ್ ಹೊದಿಕೆ ಹಾಕಿ, ಕೆಲಸ ಮುಗಿದ ದಿನವೇ ತೆಗೆಯಬೇಕು. ಹೊದಿಕೆ ವರ್ಷಗಟ್ಟಲೆ ಹಾಗೆಯೇ ಉಳಿದ ಅಲಾರಂಗಳನ್ನು ಕಾಣುವುದು ಕಷ್ಟವಲ್ಲ.

ಅಡುಗೆಮನೆಯ ಒಳಗೆ ಹೊಗೆ ಅಲಾರಂ ಹಾಕದೆ ತಾಪ ಅಲಾರಂ ಹಾಕುವುದೇ ಸರಿ. ಅದು ಸಾಮಾನ್ಯವಾಗಿ 58 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕೂಗುತ್ತದೆ. ಆದರೆ ಬೇಸಿಗೆಯಲ್ಲಿ ಅಥಣಿ, ಕಾಗವಾಡದ ತಗಡಿನ ಮಾಡಿನ ಒಳಮೈ ಆ ಉಷ್ಣತೆಯ ಸಮೀಪಕ್ಕೆ ಹೋಗುವುದರಿಂದ ತಗಡಿಗೆ ತಾಗಿಸಿ ಹಾಕಬಾರದು.

ಎರಡು ಮೀಟರುಗಳ ಸಮಸ್ಯೆ

ಮೂಲವೇ ಇಲ್ಲದೆ, ಯಾವ ದೀಪವೂ ಮಿನುಗದೆ, ಎಲ್ಲ ಅಲಾರಂಗಳು ಒಮ್ಮೆಲೇ ಕೂಗಿ ತಾವೇ ಸುಮ್ಮನಾಗುವುದುಂಟು. ಇದು ಹೊಗೆಯ ಪ್ರಶ್ನೆಯಲ್ಲ, ತಂತಿಯ ಪ್ರಶ್ನೆ. ನಮ್ಮ ಅಂಗಡಿ-ಮನೆಗಳಲ್ಲಿ ಇದಕ್ಕೆ ವಿಶೇಷವಾದ ಕಾರಣವೊಂದಿದೆ. ಅಂಗಡಿಗೆ ವಾಣಿಜ್ಯ ದರದ ಒಂದು ಹೆಸ್ಕಾಂ ಮೀಟರು, ಮನೆಗೆ ಗೃಹಬಳಕೆಯ ಇನ್ನೊಂದು ಮೀಟರು. ಕೆಳಗಿನ ಅಲಾರಂ ಅಂಗಡಿಯ ಮಾರ್ಗದಿಂದ, ಮೇಲಿನದು ಮನೆಯ ಮಾರ್ಗದಿಂದ ವಿದ್ಯುತ್ ಪಡೆಯುತ್ತವೆ. ಸಂಜ್ಞೆಯ ತಂತಿ ಮಾತ್ರ ಎರಡನ್ನೂ ಕೂಡಿಸುತ್ತದೆ. ಈಗ ನೋಡಿ: ಸಂಜ್ಞೆಯನ್ನು ಅಳೆಯುವುದು ನ್ಯೂಟ್ರಲ್‌ಗೆ ಹೋಲಿಸಿ. ಆದರೆ ಇಲ್ಲಿ ನ್ಯೂಟ್ರಲ್‌ಗಳೇ ಎರಡು. ಅಂಗಡಿಯಲ್ಲಿ ಫ್ರೀಜರ್ ಅಥವಾ ಗಿರಣಿಯ ಮೋಟಾರು ಚಾಲೂ ಆದಾಗ ಎರಡು ನ್ಯೂಟ್ರಲ್‌ಗಳ ನಡುವೆ ಕೆಲವು ವೋಲ್ಟ್‌ಗಳ ವ್ಯತ್ಯಾಸ ಹುಟ್ಟಿದರೆ ಸಾಕು, ಅಲಾರಂಗಳು ಅದನ್ನೇ ಸಂಜ್ಞೆಯೆಂದು ತಿಳಿಯಬಲ್ಲವು. ಮನೆಯ ಒಂದು ಭಾಗವನ್ನು ಇನ್ವರ್ಟರಿಗೆ, ಇನ್ನೊಂದು ಭಾಗವನ್ನು ನೇರ ಸರಬರಾಜಿಗೆ ಕೊಟ್ಟು ಅಲಾರಂಗಳನ್ನು ಎರಡಕ್ಕೂ ಹಂಚಿದಾಗಲೂ ಇದೇ ತೊಂದರೆ ಬರುತ್ತದೆ.

ತೊಂದರೆ ಕೂಗಿಗಷ್ಟೇ ಸೀಮಿತವಲ್ಲ. ಮನೆಯ ಮುಖ್ಯ ಸ್ವಿಚ್ ತೆಗೆದು ಕೆಲಸ ಮಾಡುವ ಕುಶಲಕರ್ಮಿಗೆ ಅಂಗಡಿಯ ಕಡೆಯಿಂದ ಇದೇ ತಂತಿಯ ಮೂಲಕ ಆಘಾತ ತಗುಲುವ ಸಾಧ್ಯತೆಯಿದೆ. ಆದುದರಿಂದ ಎರಡು ಮೀಟರುಗಳನ್ನು ದಾಟಿ ಸಂಜ್ಞೆಯ ತಂತಿ ಎಳೆಯಲೇಬಾರದು. ಅಂಗಡಿಯ ಅಲಾರಂಗೆ ಮನೆಯ ಮೀಟರಿನಿಂದ ತಂತಿ ಎಳೆಯುವುದೂ ಪರಿಹಾರವಲ್ಲ, ಒಂದು ಸ್ಥಾವರದ ವಿದ್ಯುತ್ತನ್ನು ಇನ್ನೊಂದಕ್ಕೆ ಒಯ್ದರೆ ದಂಡದ ಮಾತು ಬರುತ್ತದೆ. ರೇಡಿಯೋ ತರಂಗಗಳ ಮೂಲಕ ಪರಸ್ಪರ ಮಾತನಾಡುವ ಬ್ಯಾಟರಿ ಅಲಾರಂಗಳನ್ನು ಅಂಗಡಿಗೂ ಮನೆಗೂ ಹಾಕುವುದು ಇಲ್ಲಿ ಸೂಕ್ತ. ತಂತಿಯೇ ಬೇಕೆನ್ನುವ ದೊಡ್ಡ ಗೋದಾಮಿನವರು ಕೈಗಾರಿಕೆಗಳಲ್ಲಿ ಬಳಸುವ 24 ವೋಲ್ಟ್ ಪ್ಯಾನೆಲ್ ವ್ಯವಸ್ಥೆಗೆ ಹೋಗಬೇಕು. ಅದರ ಅಳವಡಿಕೆ ಮತ್ತು ನಿರ್ವಹಣೆಗೆ ಭಾರತೀಯ ಮಾನಕ ಐಎಸ್ 2189 ಇದೆ. ಗುತ್ತಿಗೆದಾರರಿಗೆ ಕಾರ್ಯಾದೇಶ ಕೊಡುವಾಗ ಆ ಮಾನಕದ ಸಂಖ್ಯೆಯನ್ನು ಕಾಗದದಲ್ಲಿಯೇ ಬರೆಯಿಸಬೇಕು.

ಒಂದೇ ಮೀಟರಿನ ಮನೆಯಲ್ಲಿಯೂ ಮೂಲವಿಲ್ಲದ ಕೂಗು ಬಂದರೆ ಸಡಿಲ ನ್ಯೂಟ್ರಲ್, ಇಲಿ ಕಡಿದ ತಂತಿ, ಮಳೆಗಾಲದಲ್ಲಿ ಜಂಕ್ಷನ್ ಪೆಟ್ಟಿಗೆಗೆ ಇಳಿದ ತೇವ ಇವುಗಳನ್ನು ನೋಡಬೇಕು. ಹುಡುಕುವ ಸುಲಭ ಮಾರ್ಗವೆಂದರೆ ಅರ್ಧ ಮಾಡುವುದು. ಸರಬರಾಜು ತೆಗೆದು, ಜಾಲದ ನಡುವಿನ ಒಂದು ಪೆಟ್ಟಿಗೆಯಲ್ಲಿ ಸಂಜ್ಞೆಯ ತಂತಿಯನ್ನಷ್ಟೇ ಬಿಡಿಸಿ, ತುದಿಗಳಿಗೆ ನಿರೋಧಕ ಟೇಪು ಸುತ್ತಿ, ಮತ್ತೆ ಸರಬರಾಜು ಕೊಡಿ. ಎರಡು-ಮೂರು ದಿನಗಳಲ್ಲಿ ಯಾವ ಅರ್ಧ ಕೂಗುತ್ತದೆಯೋ ದೋಷ ಅಲ್ಲಿದೆ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಎಂಟು ಅಲಾರಂಗಳ ಮನೆಯಲ್ಲಿ ಮೂರು ಬಾರಿ ಹೀಗೆ ಮಾಡಿದರೆ ದೋಷದ ಜಾಗ ಸಿಗುತ್ತದೆ. ಇದು ಪರವಾನಗಿ ಪಡೆದ ವಿದ್ಯುತ್ ಕೆಲಸಗಾರನಿಂದ ಮಾಡಿಸತಕ್ಕ ಕೆಲಸ. ಆತನಿಗೆ ಈ ಕ್ರಮವನ್ನು ತಿಳಿಸುವುದು ಮನೆಯವರ ಕೆಲಸ, ಏಕೆಂದರೆ ದೋಷ ಸಿಗದಾಗ ಎಲ್ಲ ಅಲಾರಂಗಳನ್ನೂ ಬದಲಿಸಿ ಎಂದು ಹೇಳುವುದು ಆತನಿಗೆ ಸುಲಭ.

ಇನ್ವರ್ಟರ್ ಬ್ಯಾಟರಿ ಮತ್ತು ವಿಷಾನಿಲದ ಕೂಗು

ಉರಿಯುವ ಒಲೆಯಾಗಲಿ ಗೀಸರಾಗಲಿ ಇಲ್ಲದ ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ ಪದೇ ಪದೇ ಕೂಗಿದರೆ ಪಡಸಾಲೆಯ ಮೂಲೆಯಲ್ಲಿರುವ ಇನ್ವರ್ಟರ್ ಬ್ಯಾಟರಿಯ ಕಡೆ ನೋಡಬೇಕು. ಸೀಸ-ಆಮ್ಲದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆ. ಈ ಅಲಾರಂಗಳ ರಾಸಾಯನಿಕ ಸಂವೇದಕವು ಕಾರ್ಬನ್ ಮೊನಾಕ್ಸೈಡ್‌ಗೆ ಸ್ಪಂದಿಸುವಂತೆಯೇ ಜಲಜನಕಕ್ಕೂ ಸ್ವಲ್ಪ ಮಟ್ಟಿಗೆ ಸ್ಪಂದಿಸುತ್ತದೆ. ಬೇಸಿಗೆಯಲ್ಲಿ ದೀರ್ಘಕಾಲ ವಿದ್ಯುತ್ ಹೋಗಿ, ಬಂದ ಮೇಲೆ ಬ್ಯಾಟರಿ ಗಂಟೆಗಟ್ಟಲೆ ಚಾರ್ಜ್ ಆಗುವ ವೇಳೆಗೇ ಕೂಗು ಬಂದರೆ ಇದೇ ಕಾರಣವೆಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಆದರೆ ಇದನ್ನು ಸುಳ್ಳು ಕೂಗೆಂದು ತಳ್ಳಿಹಾಕಬಾರದು. ಗಾಳಿಯಲ್ಲಿ ಶೇಕಡಾ 4ರಷ್ಟು ಜಲಜನಕ ಸೇರಿದರೆ ಕಿಡಿಯಿಂದ ಸ್ಫೋಟಿಸುತ್ತದೆ. ಅತಿಯಾಗಿ ಚಾರ್ಜ್ ಆಗುವ ಹಳೆಯ ಬ್ಯಾಟರಿ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವನ್ನೂ ಬಿಡಬಹುದು. ಬ್ಯಾಟರಿ ಬಿಸಿಯಾಗುತ್ತಿದೆಯೇ, ನೀರು ಬೇಗ ಬತ್ತುತ್ತಿದೆಯೇ ಎಂದು ನೋಡಿ, ಅದನ್ನು ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸಬೇಕು. ಮಲಗುವ ಕೋಣೆಯ ಪಕ್ಕದ ಮುಚ್ಚಿದ ಕಪಾಟಿನಲ್ಲಿ ಬ್ಯಾಟರಿ ಇಡುವ ಈಗಿನ ಅಲಂಕಾರ ವಿನ್ಯಾಸ ನನಗೆ ಸರಿಕಾಣುವುದಿಲ್ಲ.

ಪಾದರಕ್ಷೆಗೆ ಅಂಟು ಬಳಸುವ ಕೊಠಡಿ, ಪೇಂಟ್ ದಾಸ್ತಾನು, ಸ್ಯಾನಿಟೈಸರ್ ಇವುಗಳ ಆವಿಗೂ ಅನಿಲ ಸಂವೇದಕಗಳು ಸ್ಪಂದಿಸುತ್ತವೆ. ಅಡುಗೆ ಅನಿಲದ ಅಗ್ಗದ ಉಪಕರಣಗಳಂತೂ ಬಹಳ ಬೇಗ.

ಕೂಗದಿರುವುದು

ಗುಂಡಿ ಒತ್ತಿ ಪರೀಕ್ಷಿಸುವಾಗ ಒಬ್ಬರು ಕೆಳಗೆ, ಒಬ್ಬರು ಮೇಲೆ ಇರಬೇಕು. ಒಂದನೆಯ ಅಲಾರಂ ಒತ್ತಿದಾಗ ಒಂದು, ಎರಡು, ಮೂರು ಕೂಗಿ, ಐದನೆಯದನ್ನು ಒತ್ತಿದಾಗ ನಾಲ್ಕು, ಐದು ಮಾತ್ರ ಕೂಗಿದರೆ ಸಂಜ್ಞೆಯ ತಂತಿ ಮೂರು ಮತ್ತು ನಾಲ್ಕರ ನಡುವೆ ತುಂಡಾಗಿದೆ. ತಿಂಗಳಿಗೊಮ್ಮೆ ಒಂದೇ ಅಲಾರಂ ಒತ್ತಿ ತೃಪ್ತಿಪಟ್ಟರೆ ಈ ದೋಷ ಎಂದಿಗೂ ತಿಳಿಯದು. ಗುಂಡಿ ಒತ್ತುವುದರಿಂದ ಒಳಗಿನ ವಿದ್ಯುನ್ಮಾನ ಭಾಗವೂ ಗಂಟೆಯೂ ಸರಿಯಿವೆಯೆಂದು ತಿಳಿಯುತ್ತದೆಯೇ ಹೊರತು ಕೋಶಕ್ಕೆ ಹೊಗೆ ಅಥವಾ ಅನಿಲ ಪ್ರವೇಶಿಸುತ್ತದೆಯೆಂದು ತಿಳಿಯುವುದಿಲ್ಲ. ಅದಕ್ಕಾಗಿ ಪರೀಕ್ಷಾ ಹೊಗೆಯ ಡಬ್ಬಿಗಳು ದೊರೆಯುತ್ತವೆ. ಬೆಂಕಿಕಡ್ಡಿ, ಊದಿನಕಡ್ಡಿ ಹಿಡಿಯಬಾರದು.

ಹಸಿರು ದೀಪ ಆರಿದ್ದರೆ ಸರಬರಾಜು ಇಲ್ಲ, ಬ್ಯಾಟರಿಯ ಮೇಲೆ ನಡೆಯುತ್ತಿದೆ ಎಂದರ್ಥ. ಅಲಾರಂಗಳಿಗೆಂದೇ ಪ್ರತ್ಯೇಕ ಎಂಸಿಬಿ ಹಾಕಿಸಿದರೆ ಅದು ಬಿದ್ದದ್ದು ತಿಂಗಳುಗಟ್ಟಲೆ ಯಾರಿಗೂ ತಿಳಿಯದೆ ಹೋಗಬಹುದು. ದಿನವೂ ಬಳಸುವ ಪಡಸಾಲೆಯ ದೀಪದ ಮಾರ್ಗದಿಂದಲೇ ಅಲಾರಂಗಳಿಗೆ ಸರಬರಾಜು ಕೊಟ್ಟರೆ ದೀಪ ಹತ್ತದಿದ್ದಾಗ ಯಾರಾದರೂ ನೋಡುತ್ತಾರೆ.

30ರಿಂದ 60 ಸೆಕೆಂಡಿಗೊಮ್ಮೆ ಬರುವ ಚಿಕ್ಕ ಚಿಲಿಪಿಲಿ ಅಪಾಯದ ಕೂಗಲ್ಲ, ಬ್ಯಾಟರಿ ಕ್ಷೀಣಿಸಿದೆ ಅಥವಾ ಅಲಾರಂನ ಆಯುಷ್ಯ ತೀರಿದೆ ಎಂಬ ಸೂಚನೆ. ಇದು ಮಾರ್ಗಶಿರ-ಪುಷ್ಯದ ಚಳಿಯಲ್ಲಿ ಬೆಳಗಿನ ಜಾವವೇ ಆರಂಭವಾಗುವುದಕ್ಕೆ ಕಾರಣ, ತಂಪಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇಳಿಯುವುದು. ಚಿಲಿಪಿಲಿ ಸಂಜ್ಞೆಯ ತಂತಿಯಲ್ಲಿ ಹೋಗುವುದಿಲ್ಲವಾದುದರಿಂದ ಪ್ರತಿ ಅಲಾರಂನ ಕೆಳಗೆ ಒಂದು ನಿಮಿಷ ನಿಂತು ಕೇಳಿ ಯಾವುದೆಂದು ಗುರುತಿಸಬೇಕು. ಬ್ಯಾಟರಿ ಬದಲಿಸಿಯೂ ನಿಲ್ಲದಿದ್ದರೆ ಹಿಂಬದಿಯ ತಯಾರಿಕಾ ದಿನಾಂಕ ನೋಡಿ. ಹೊಗೆ ಅಲಾರಂಗೆ ಹತ್ತು ವರ್ಷ, ಕಾರ್ಬನ್ ಮೊನಾಕ್ಸೈಡ್ ಅಲಾರಂಗೆ ಮಾದರಿಗೆ ಅನುಸಾರ ಐದರಿಂದ ಹತ್ತು ವರ್ಷ. ಅಂಗಡಿಯಲ್ಲಿ ಧೂಳು ತಿನ್ನುತ್ತ ಕುಳಿತ ಹಳೆಯ ದಾಸ್ತಾನನ್ನು ರಿಯಾಯಿತಿ ದರದಲ್ಲಿ ಕೊಳ್ಳುವವರು ಆ ದಿನಾಂಕವನ್ನು ಮೊದಲೇ ನೋಡುವುದು ಕ್ಷೇಮ, ಏಕೆಂದರೆ ಅನೇಕ ಮಾದರಿಗಳಲ್ಲಿ ಆಯುಷ್ಯವನ್ನು ಆ ದಿನಾಂಕದಿಂದಲೇ ಎಣಿಸಲಾಗುತ್ತದೆ.

ಮಗ್ಗದ ಶೆಡ್ಡು, ತಂಬಾಕಿನ ಗೋದಾಮು

ಮಗ್ಗದ ಶೆಡ್ಡಿನ ಹತ್ತಿಯ ಎಳೆ, ತಂಬಾಕಿನ ಧೂಳು ಇರುವಲ್ಲಿ ಗೃಹಬಳಕೆಯ ಹೊಗೆ ಅಲಾರಂ ನಿಲ್ಲುವುದಿಲ್ಲ. ಶೆಡ್ಡಿನೊಳಗೆ ತಾಪ ಸಂವೇದಕ, ಶೆಡ್ಡಿನಿಂದ ಮನೆಗೆ ಏರುವ ಮೆಟ್ಟಿಲ ತಲೆಯಲ್ಲಿ ಹೊಗೆ ಅಲಾರಂ ಎಂಬ ಹಂಚಿಕೆ ಉಪಯುಕ್ತ. ತಾಪ ಸಂವೇದಕ ತಡವಾಗಿ ಎಚ್ಚರಿಸುತ್ತದೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಹೇಳಬೇಕಾಗಿದೆ. ಎತ್ತರದ ತಗಡಿನ ಮಾಡಿನಡಿ ಹಗಲು ಬಿಸಿಗಾಳಿಯ ಪದರ ನಿಂತು, ಸಣ್ಣ ಬೆಂಕಿಯ ಹೊಗೆ ಮಾಡಿನವರೆಗೆ ಏರದೆ ಕೆಳಗೇ ಹರಡುತ್ತದೆ. ಹೀಗಾಗಿ ಮಾಡಿನ ತುತ್ತತುದಿ ಯಾವಾಗಲೂ ಉತ್ತಮ ಜಾಗವಲ್ಲ. ಮನೆಯೊಳಗೂ ಸೀಲಿಂಗ್ ಫ್ಯಾನಿನ ಸಮೀಪ ಮತ್ತು ಗೋಡೆ-ಛಾವಣಿ ಸೇರುವ ಮೂಲೆ ಎರಡನ್ನೂ ಬಿಡಬೇಕು. ಗೋಡೆಯಿಂದ ಸುಮಾರು ಒಂದು ಅಡಿ ಈಚೆಗೆ ಹಾಕಿದರೆ ಸಾಕು.

ವಿಮೆಯ ಬಗ್ಗೆ ಒಂದು ಮಾತು. 2021ರ ಏಪ್ರಿಲ್ 1ರಿಂದ ಮನೆಗಳಿಗೆ ಭಾರತ ಗೃಹ ರಕ್ಷಾ, ಐದು ಕೋಟಿ ರೂಪಾಯಿವರೆಗಿನ ಉದ್ಯಮ ಆಸ್ತಿಗೆ ಭಾರತ ಸೂಕ್ಷ್ಮ ಉದ್ಯಮ ಸುರಕ್ಷಾ, ಐದರಿಂದ ಐವತ್ತು ಕೋಟಿವರೆಗೆ ಭಾರತ ಲಘು ಉದ್ಯಮ ಸುರಕ್ಷಾ ಎಂಬ ಏಕರೂಪದ ಪಾಲಿಸಿಗಳು ಜಾರಿಯಲ್ಲಿವೆ. ಗೃಹ ಪಾಲಿಸಿ ಇರುವುದು ಕಟ್ಟಡಕ್ಕೆ ಮತ್ತು ಗೃಹೋಪಯೋಗಿ ವಸ್ತುಗಳಿಗೆ. ಮೇಲಂತಸ್ತಿನ ಕೋಣೆಯೊಂದರಲ್ಲಿ ಹಬ್ಬದ ದಾಸ್ತಾನು ಇಡುವ ವರ್ತಕರು ಆ ಸರಕು ಯಾವ ಪಾಲಿಸಿಯಲ್ಲಿ, ಯಾವ ವಿಳಾಸದಲ್ಲಿ ನಮೂದಾಗಿದೆ ಎಂದು ನೋಡಿಕೊಳ್ಳಬೇಕು. ಅಲಾರಂ ಖರೀದಿಯ ರಸೀದಿ ಹಾಗೂ ಪರೀಕ್ಷೆಯ ದಿನಾಂಕಗಳ ಒಂದು ಚಿಕ್ಕ ವಹಿಯನ್ನು ಪಾಲಿಸಿಯ ಜೊತೆಯಲ್ಲಿಯೇ ಇಡಬಹುದು. ದೋಷ ಹುಡುಕುವಾಗಲೂ ಆ ವಹಿ ಉಪಯೋಗಕ್ಕೆ ಬರುತ್ತದೆ: ಯಾವ ದಿನ, ಎಷ್ಟು ಗಂಟೆಗೆ, ಯಾವ ಅಲಾರಂ, ಆಗ ವಿದ್ಯುತ್ ಇತ್ತೇ, ಜನರೇಟರ್ ಓಡುತ್ತಿತ್ತೇ. ಐದಾರು ನಮೂದುಗಳಾಗುವಷ್ಟರಲ್ಲಿ, ಕೂಗು ಬರುವುದು ವಿದ್ಯುತ್ ಮರಳಿದ ಬಳಿಕವೇ, ಮಳೆ ಬಿದ್ದ ಮರುದಿನವೇ ಅಥವಾ ಗೀಸರ್ ಹಚ್ಚಿದಾಗಲೇ ಎಂಬುದು ವಹಿಯಲ್ಲಿಯೇ ಕಾಣಿಸುತ್ತದೆ.